ಶಿವಗಂಗಮ್ಮನವರ ಗೂಟದ ಕಾರು

ಶಾಸಕ ರುದ್ರಯ್ಯನವರು ತೀರಿಕೊಂಡದ್ದು ಒಂದು ಸನ್ಮಾನ ಸಮಾರಂಭದಲ್ಲಿ. 1996ರ ಜುಲೈ ತಿಂಗಳು, ಹೊಳೆನರಸೀಪುರದ ಒಂದು ಕಲ್ಯಾಣ ಮಂಟಪ. ಹನ್ನೊಂದನೆಯ ಹಾರ ಕೊರಳಿಗೆ ಬಿದ್ದಾಗ ಎದೆ ಹಿಡಿದುಕೊಂಡು ಕುಸಿದರು. ಹನ್ನೆರಡನೆಯದನ್ನು ಹಿಡಿದು ಸಾಲಿನಲ್ಲಿ ನಿಂತಿದ್ದ ಕಂಟ್ರಾಕ್ಟರು ಬಹಳ ಹೊತ್ತಿನಿಂದ ಕಾದಿದ್ದವನು. ಬಗ್ಗಿ ಅದನ್ನೂ ಹಾಕಿಯೇ ಬಿಟ್ಟ. ಎರಡು ವರ್ಷದ ಶಾಸಕಗಿರಿಯಲ್ಲಿ ಅವರು ಏನು ಮಾಡಿದ್ದಕ್ಕೆ ಆ ಸನ್ಮಾನ ಎಂಬುದು ಕರಪತ್ರದಲ್ಲಿ ಇರಲಿಲ್ಲ. ಕರಪತ್ರ ಬರೆದವನು ನಾನೇ. ಬರೆಯಲು ಯೋಚಿಸಿದ್ದೆ, ಹೊಳೆಯಲಿಲ್ಲ.

ನಾನು ಸಂಪತ್ಕುಮಾರ. ಹೊಳೆನರಸೀಪುರದ ದೇವಸ್ಥಾನದ ಬೀದಿಯವನು. ಅಪ್ಪ ಪೂಜೆ ಮಾಡುತ್ತಿದ್ದರು. ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಮೇಷ್ಟ್ರಾದೆ. ರುದ್ರಯ್ಯನವರು ಗೆದ್ದ ವಾರವೇ ನನ್ನನ್ನು ನಿಯೋಜನೆಯ ಮೇಲೆ ಆಪ್ತ ಸಹಾಯಕನನ್ನಾಗಿ ಮಾಡಿಕೊಂಡಿದ್ದರು. ನಿಯೋಜನೆ ಎಂದರೆ ಸಂಬಳ ಶಾಲೆಯಲ್ಲಿ, ಮೇಷ್ಟ್ರು ವಿಧಾನಸೌಧದಲ್ಲಿ, ಮಕ್ಕಳು ಮೈದಾನದಲ್ಲಿ. ಮೂವರಿಗೂ ಅದರಿಂದ ತೊಂದರೆ ಇರಲಿಲ್ಲ.

ಅರಕಲಗೂಡಿಗೂ ಹೊಳೆನರಸೀಪುರಕ್ಕೂ ನಡುವೆ ಹರಡಿಕೊಂಡಿದ್ದ ಕ್ಷೇತ್ರ ನಮ್ಮದು. ರುದ್ರಯ್ಯನವರ ಊರು ಬಸವನಕೊಪ್ಪಲು. ಅಲ್ಲಿಯೇ ಅವರ ಹೊಲದ ಬದುವಿನಲ್ಲಿ, ಅವರ ಕುಲದ ಪದ್ಧತಿಯಂತೆ ಕೂರಿಸಿ ಸಮಾಧಿ ಮಾಡಿದರು. ಸ್ವಾಮಿಗಳು ಮಂತ್ರ ಹೇಳುತ್ತಿದ್ದರೆ ಆಚೆ ಹಲಸಿನ ಮರದ ಕೆಳಗೆ ಬೆಂಗಳೂರಿನಿಂದ ಬಂದ ಪಕ್ಷದ ಮುಖಂಡರು ಉಪಚುನಾವಣೆಗೆ ಯಾರು ಎಂಬ ಚರ್ಚೆ ಮುಗಿಸುತ್ತಿದ್ದರು. ತೀರಿಕೊಂಡವರು ಕೂತಿದ್ದರು, ಚರ್ಚೆ ಮಾಡುವವರು ನಿಂತಿದ್ದರು. ಅಷ್ಟು ಗೌರವವನ್ನಂತೂ ಕೊಟ್ಟರು.

ರುದ್ರಯ್ಯನವರ ತಮ್ಮ ಗೌರೀಶ ಸಿಮೆಂಟ್ ವ್ಯಾಪಾರಿ. "ಅಣ್ಣನ ಕನಸು ನನಸು ಮಾಡೋದೇ ಇನ್ನು ನನ್ನ ಬಾಳು" ಎಂದು ಬಂದವರಿಗೆಲ್ಲ ಹೇಳುತ್ತಿದ್ದ. ಅಣ್ಣ ಊಟ ಮಾಡಿ ಮಲಗಿದರೆ ಏಳುವುದು ಬೆಳಿಗ್ಗೆಯೇ. ಕನಸು ಕಂಡದ್ದನ್ನು ಯಾರೂ ಕೇಳಿರಲಿಲ್ಲ. ಆದರೆ ಗೌರೀಶನಿಗೆ ಟಿಕೆಟ್ ಕೊಟ್ಟರೆ ನಾವು ಪ್ರಚಾರಕ್ಕೆ ಮನೆ ಬಿಟ್ಟು ಹೊರಡುವುದಿಲ್ಲ ಎಂದು ಪಕ್ಷದೊಳಗಿನ ಎರಡು ಗುಂಪಿನವರು ಹಟ ಹಿಡಿದರು. ಅವರಲ್ಲಿ ಯಾರಿಗೆ ಕೊಟ್ಟರೂ ಗೌರೀಶ ಹೊರಡುವುದಿಲ್ಲ. ಕೊನೆಗೆ ಮುಖಂಡರು, "ಹಂಗಾದ್ರೆ ಅವರ ಹೆಂಡ್ತೀನೇ ನಿಲ್ಲಿಸಿ, ಅನುಕಂಪ ಇರುತ್ತೆ" ಎಂದರು. ಗೌರೀಶನ ಮುಖ ಅರ್ಧ ನಿಮಿಷ ಇಳಿಯಿತು. ಆಮೇಲೆ ಮೊದಲಿಗಿಂತಲೂ ಹೆಚ್ಚು ಅರಳಿತು. ಸಹಿ ಅತ್ತಿಗೆಯದು, ಕುರ್ಚಿ ತನ್ನದು ಎಂಬ ಲೆಕ್ಕ ಅವನಿಗೆ ಅಷ್ಟು ಹೊತ್ತಿಗೆ ಸಿಕ್ಕಿತ್ತು.

ಶಿವಗಂಗಮ್ಮನಿಗೆ ಆಗ ನಲವತ್ತೊಂದು ವರ್ಷ. ಚನ್ನರಾಯಪಟ್ಟಣದ ಕಡೆಯ ಕೊಬ್ಬರಿ ವ್ಯಾಪಾರದ ಮನೆಯ ಹೆಣ್ಣುಮಗಳು, ಏಳನೇ ಕ್ಲಾಸು ಓದಿದವರು. ಕೊಟ್ಟಿಗೆಯಲ್ಲಿ ಒಂಬತ್ತು ಹಸು, ಎರಡು ಎಮ್ಮೆ. ಮನೆಯಲ್ಲಿ ಮಗಳು ಮಾನ್ಯ. ಹನ್ನೊಂದನೆಯ ದಿನದವರೆಗೆ ಯಾರ ಜೊತೆಗೂ ಮಾತಾಡದೆ ಒಳಕೋಣೆಯಲ್ಲಿ ಅತ್ತರು. ಹನ್ನೆರಡನೆಯ ದಿನ ಎದ್ದು ಕೊಟ್ಟಿಗೆ ಬಳಿದರು. ಆ ದಿನವೇ ಗೌರೀಶ ಬಂದು ವಿಷಯ ತೆಗೆದ.

"ಅತ್ಗೆ, ನೀವು ಏನೂ ಮಾಡ್ಬ್ಯಾಡಿ. ಜೀಪ್ ಮೇಲೆ ಕೈ ಮುಗ್ಕಂಡ್ ನಿಂತ್ಕಳಿ. ಊರೂರಿಗೂ ಒಸಿ ಅತ್ತುಬುಡಿ. ಮಿಕ್ಕಿದ್ದೆಲ್ಲ ನಾನ್ ನೋಡ್ಕತೀನಿ."

"ಅಳೋದೆಲ್ಲ ಆಗೋಯ್ತಲ್ಲಪ್ಪ" ಎಂದರು ಶಿವಗಂಗಮ್ಮ. ಅದನ್ನು ಅವನು ಒಪ್ಪಿಗೆ ಎಂದು ತಿಳಿದ.

ಪ್ರಚಾರದ ಮೊದಲ ಊರಿನಲ್ಲಿಯೇ ತೊಂದರೆ ಶುರುವಾಯಿತು. ಜೀಪಿನ ಮೇಲೆ ಕೈಮುಗಿದು ನಿಂತರು, ಸರಿ. ಕಣ್ಣಲ್ಲಿ ನೀರಿಲ್ಲ. ನೀರು ತರಲು ಬಂದಿದ್ದ ಹೆಂಗಸರು ನಲ್ಲಿಯ ಹತ್ತಿರ ನಿಂತು, "ಅಳ್ತಾನೇ ಇಲ್ವಲ್ಲೇ ಈವಮ್ಮ" ಎಂದು ಗುಸುಗುಟ್ಟಿದರು. ಅನುಕಂಪ ಸೋರಿಹೋಗುತ್ತಿರುವುದನ್ನು ಕಂಡ ಗೌರೀಶ ಮೈಕ್ ಕಿತ್ತುಕೊಂಡು ತಾನೇ ಗೋಳೋ ಎಂದು ಅತ್ತ. ಚೆನ್ನಾಗಿಯೇ ಅತ್ತ. ಐದು ಊರು ಮುಗಿಯುವ ಹೊತ್ತಿಗೆ ಗಂಟಲು ಕಟ್ಟಿತು. ಮಾರನೆಯ ದಿನ ಹಾಸನದಲ್ಲಿ ತನ್ನ ಅಳುವನ್ನು ಕ್ಯಾಸೆಟ್ಟಿಗೆ ರೆಕಾರ್ಡ್ ಮಾಡಿಸಿಕೊಂಡು ಬಂದ. ಜೀಪಿನ ಡ್ರೈವರ್ ಬೋರಪ್ಪ ಊರು ಬಂದ ಕೂಡಲೇ ಕ್ಯಾಸೆಟ್ ಹಾಕುವುದು, ಗೌರೀಶ ಮೈಕಿನ ಮುಂದೆ ಬಾಯಿಗೆ ಟವೆಲ್ ಹಿಡಿಯುವುದು. ಒಂದೂರಿನಲ್ಲಿ ಬೋರಪ್ಪ ಕ್ಯಾಸೆಟ್ಟನ್ನು ತಿರುಗಿಸಿ ಹಾಕಿಬಿಟ್ಟ. ಆ ಬದಿಯಲ್ಲಿ ಮದುವೆಯ ನಾಗಸ್ವರ ಇತ್ತು. ಗೌರೀಶ ಟವೆಲ್ಲಿನೊಳಗೇ ಬೋರಪ್ಪನ ವಂಶಾವಳಿಯನ್ನು ನೆನೆದ.

ಆ ಗದ್ದಲದಲ್ಲಿ ಕೆಂಚಯ್ಯ ಎಂಬ ಮುದುಕ ಜೀಪಿನ ಹತ್ತಿರ ಬಂದು, "ಅವ್ವಾ, ನಿಮ್ಮೂರಲ್ಲಿ ದನದಾಸ್ಪತ್ರೆ ಕಟ್ಟವ್ರೆ. ಡಾಕ್ಟ್ರೇ ಇಲ್ಲ. ನನ್ ಹಸ ಬಾಗ್ಲಲ್ಲೇ ಬಿದ್ದು ಸತ್ತೋಯ್ತು" ಎಂದ.

"ನಂದೂ ಒಂದ್ ಅಂಗೇ ಓಯ್ತು ಕಣಪ್ಪ, ಗಬ್ಬದ ಹಸ" ಎಂದರು ಶಿವಗಂಗಮ್ಮ.

ಇಡೀ ಪ್ರಚಾರದಲ್ಲಿ ನಾನು ಬರೆದುಕೊಡದ ಮಾತು ಅದೊಂದೇ. ಜನರಿಗೆ ನೆನಪಿದ್ದದ್ದೂ ಅದೊಂದೇ. ಒಂಬತ್ತು ಸಾವಿರ ಓಟಿನಿಂದ ಗೆದ್ದರು. ಅಣ್ಣನ ಪುಣ್ಯ ಎಂದ ಗೌರೀಶ. ಕ್ಯಾಸೆಟ್ಟಿನ ಪುಣ್ಯ ಎಂದ ಬೋರಪ್ಪ.

ಪ್ರಮಾಣವಚನಕ್ಕೆ ನಾಲ್ಕು ದಿನ ನಾನೇ ಪಾಠ ಹೇಳಿದೆ. "ಸಾರ್ವಭೌಮತೆ" ಎಂಬಲ್ಲಿಗೆ ಬಂದು ನಿಲ್ಲುತ್ತಿದ್ದರು. ಅರ್ಥ ಕೇಳಿದರು. "ನಮ್ಮ ಮೇಲೆ ಇನ್ನೊಬ್ಬರ ಯಜಮಾನಿಕೆ ಇಲ್ಲ ಅಂತ" ಎಂದೆ. ಹೊರಗಿನ ಕೋಣೆಯಲ್ಲಿ ಗೌರೀಶ ಯಾರಿಗೋ, "ಅತ್ಗೆ ಬ್ಯುಸಿ ಅವ್ರೆ, ನಂತಾವೇ ಏಳಿ" ಎನ್ನುತ್ತಿದ್ದ. ಶಿವಗಂಗಮ್ಮ ಒಂದು ಗಳಿಗೆ ಬಾಗಿಲ ಕಡೆ ನೋಡಿ ಮತ್ತೆ ಮೊದಲಿಂದ ಓದಿದರು. ಸಭೆಯಲ್ಲಿ ಒಂದು ಅಕ್ಷರವೂ ತಪ್ಪಲಿಲ್ಲ. ಎರಡು ಬಾರಿ ಗೆದ್ದ ಹಿರಿಯರೊಬ್ಬರು ಇನ್ನೊಂದು ಸಂದರ್ಭದಲ್ಲಿ "ಅಖಂಡತೆ"ಯನ್ನು ಎರಡು ತುಂಡು ಮಾಡಿದ್ದನ್ನು ಕೇಳಿದ್ದೇನೆ.

ಬೆಂಗಳೂರಿನ ಶಾಸಕರ ಭವನದಲ್ಲಿ ನಮಗೆ ಎರಡು ಕೋಣೆ ಕೊಟ್ಟರು. ಬಾಗಿಲ ಮೇಲೆ "ಶ್ರೀಮತಿ ಶಿವಗಂಗಮ್ಮ ರುದ್ರಯ್ಯ, ಶಾಸಕರು" ಎಂಬ ಹಲಗೆ. ಮುಂದಿನ ಕೋಣೆಯಲ್ಲಿ ಬಿಳಿ ಟವೆಲ್ ಹಾಸಿದ ಕುರ್ಚಿಯ ಮೇಲೆ ಗೌರೀಶ. ಬಂದವರು ಹಲಗೆ ಓದಿಕೊಂಡು ಒಳಗೆ ಬಂದು ಗೌರೀಶನ ಕಾಲಿಗೆ ಬೀಳುತ್ತಿದ್ದರು. ಒಳಗಿನ ಕೋಣೆಯಲ್ಲಿ ಶಾಸಕರು ಸ್ಟೌ ಮೇಲೆ ಅವರೆಕಾಳು ಸಾರಿಗೆ ಇಟ್ಟು, ಕುದಿಯುವುದರೊಳಗೆ ಐವತ್ತು ಖಾಲಿ ಲೆಟರ್‌ಹೆಡ್ಡಿಗೆ ಸಹಿ ಹಾಕಬೇಕು. ಅವುಗಳನ್ನು ಎಣಿಸಿ ಗೌರೀಶನಿಗೆ ಒಪ್ಪಿಸುವುದು ನನ್ನ ಕೆಲಸ. ಅದನ್ನು ಆಪ್ತ ಸಹಾಯ ಎನ್ನುತ್ತಾರೆ.

ಅಂಥ ಒಂದು ಬೆಳಿಗ್ಗೆ ಕೇಳಿದರು: "ಮೇಷ್ಟ್ರೆ, ಈ ಕಾಗುದ್ದಲ್ಲಿ ಆಮೇಲೆ ಏನ್ ಬರೀತಾರೆ?"

"ಶಿಫಾರಸು ಅಮ್ಮಾ. ಯಾರನ್ನೋ ಎಲ್ಲಿಗೋ ವರ್ಗ ಮಾಡಿ ಅಂತ, ಯಾರಿಗೋ ಕೆಲಸ ಕೊಡಿ ಅಂತ."

"ಅಂಗಾರೆ ದನದ ಡಾಕ್ಟ್ರನ್ನ ನಮ್ಮೂರಿಗೆ ಆಕಿ ಅಂತ ಒಂದ್ ಬರೀರಿ."

ಗೌರೀಶನನ್ನು ಕೇಳಿದೆ. ಬೇಡ ಎಂದ. ಬಸವನಕೊಪ್ಪಲಿನ ಪಶು ಆಸ್ಪತ್ರೆಯ ಕಟ್ಟಡವನ್ನು ಅಣ್ಣ ಉದ್ಘಾಟನೆ ಮಾಡಿದ ಮಾರನೆಯ ದಿನದಿಂದ ಅದರಲ್ಲಿ ಗೌರೀಶನ ಸಿಮೆಂಟ್ ಮೂಟೆಗಳಿದ್ದವು. ಡಾಕ್ಟರು ಬಂದರೆ ಮೂಟೆಗಳು ಎಲ್ಲಿಗೆ ಹೋಗಬೇಕು? ನಾನು ಅಮ್ಮನಿಗೆ, ಶಿಫಾರಸು ಬೇಡ, ಸದನದಲ್ಲಿಯೇ ಪ್ರಶ್ನೆ ಹಾಕೋಣ ಎಂದೆ. ಪ್ರಶ್ನೆ ಹಾಕಿದರೆ ಏನೂ ಆಗುವುದಿಲ್ಲವೆಂಬುದು ನನಗೆ ಗೊತ್ತಿತ್ತು. ಇಬ್ಬರನ್ನೂ ಸಂತೋಷವಾಗಿಡುವ ದಾರಿ ಅದು. ಏಳು ತಿಂಗಳಾದ ಮೇಲೆ ಉತ್ತರ ಬಂತು: "ವಿಷಯವು ಸರ್ಕಾರದ ಪರಿಶೀಲನೆಯಲ್ಲಿದೆ."

"ಅಂಗಂದ್ರೆ?"

"ಇಲ್ಲ ಅಂತ ಅಮ್ಮಾ."

"ಇಲ್ಲ ಅನ್ನಾಕೆ ಎಲ್ಡಕ್ಷರ ಸಾಲ್ದಾ?" ಎಂದು ಸಾರಿಗೆ ಒಗ್ಗರಣೆ ಹಾಕಿದರು.

ಇದು ಹೀಗೇ ಅವಧಿ ಮುಗಿಯುವವರೆಗೆ ನಡೆಯುತ್ತಿತ್ತೇನೋ. 1998ರ ಬೇಸಿಗೆಯಲ್ಲಿ ಪಕ್ಷದೊಳಗೆ ಎರಡು ಬಣವಾಗಿ ಸರ್ಕಾರ ಅಲುಗಾಡಿತು. ನಮ್ಮ ಬಣದ ಮುಖಂಡರು ಶಾಸಕರನ್ನೆಲ್ಲ ಬಸ್ಸಿಗೆ ತುಂಬಿ ಬೆಂಗಳೂರಿನ ಆಚೆ ಒಂದು ರೆಸಾರ್ಟಿಗೆ ಕರೆದೊಯ್ದರು. ಎದುರು ಬಣದವರು ಕದಿಯಬಾರದಲ್ಲ. ಶಾಸಕರೆಂದರೆ ಆಗ ಬಾಗಿಲು ತೆರೆದಿಟ್ಟ ಮನೆಯ ಪಾತ್ರೆಯಂತೆ. ಬಸ್ಸಿನ ಹಿಂದೆ ನಮ್ಮ ಅಂಬಾಸಿಡರ್ ಕಾರು: ಬೋರಪ್ಪ, ಗೌರೀಶ, ನಾನು. ರೆಸಾರ್ಟಿನ ಗೇಟಿನಲ್ಲಿ ದಪ್ಪ ಮೀಸೆಯವನೊಬ್ಬ ಕೈಯಲ್ಲಿ ಪಟ್ಟಿ ಹಿಡಿದು ತಡೆದ.

"ಎಮ್ಮೆಲ್ಲೆಗಳಿಗೆ ಮಾತ್ರ ಸಾರ್."

"ನಾನೇ ಕಣಯ್ಯ ಎಮ್ಮೆಲ್ಲೆ!" ಎಂದ ಗೌರೀಶ. ಅವನು ಸುಳ್ಳು ಹೇಳುತ್ತಿದ್ದೇನೆ ಎಂದು ಅಂದುಕೊಂಡಿರಲಿಲ್ಲ.

ಮೀಸೆಯವನು ಪಟ್ಟಿ ನೋಡಿದ. "ಹೆಸರು ಶಿವಗಂಗಮ್ಮ ಅಂತ ಇದೆ." ಗೌರೀಶನನ್ನು ಮೇಲಿಂದ ಕೆಳಗೆ ನೋಡಿದ. ಗೇಟು ಹಾಕಿದ.

ಮೂರು ದಿನ ನಾವು ಗೇಟಿನ ಆಚೆ ಹೊಂಗೆ ಮರದ ಕೆಳಗೆ ಕಾರಿನಲ್ಲಿ ಕೂತೆವು. ಮೊಬೈಲ್ ಫೋನ್ ಎಂಬುದು ಇನ್ನೂ ಮಂತ್ರಿಗಳ ಸೊಂಟಕ್ಕೆ ಮಾತ್ರ ಇಳಿದಿದ್ದ ಕಾಲ. ಒಳಗಿನ ಫೋನುಗಳ ತಂತಿಯನ್ನು ಮುಖಂಡರೇ ಕೀಳಿಸಿದ್ದರು. ಗೌರೀಶ ಬಾಳೆಹಣ್ಣಿನ ಗೊನೆಯೊಳಗೆ ಚೀಟಿ ಇಟ್ಟು ತರಕಾರಿ ಗಾಡಿಯವನ ಕೈಲಿ ಕಳಿಸಿದ: "ಅತ್ತಿಗೆ, ನನ್ನನ್ನು ಕೇಳದೆ ಯಾವುದಕ್ಕೂ ಒಪ್ಪಬೇಡಿ, ಸಹಿ ಮಾಡಬೇಡಿ." ಸಂಜೆ ಅದೇ ಚೀಟಿ ಹಿಂದಕ್ಕೆ ಬಂತು. ಬೆನ್ನಿನಲ್ಲಿ ಏಳನೇ ಕ್ಲಾಸಿನ ದುಂಡು ಅಕ್ಷರ: "ಕರಿ ಎಮ್ಮೆ ಈ ವಾರ ಈಯುತ್ತೆ. ಮನೆಗೆ ಹೇಳಿ ಕಳಿಸಿ."

ಒಳಗೆ ಏನಾಯಿತೆಂಬುದನ್ನು ಆಮೇಲೆ ಅವರೇ ಹೇಳಿದರು. ಶಾಸಕರು ಇಸ್ಪೀಟಾಡುತ್ತಿದ್ದರಂತೆ, ಈಜುಕೊಳದಲ್ಲಿ ಪಂಚೆ ಕಟ್ಟಿಕೊಂಡು ಇಳಿಯುತ್ತಿದ್ದರಂತೆ. ಊಟಕ್ಕೆ ನಲವತ್ತು ಬಗೆ, ಮುದ್ದೆ ಮಾತ್ರ ಇಲ್ಲ. ಇವರೊಬ್ಬರೇ ಹೆಂಗಸು. ಎರಡನೆಯ ದಿನ ಹಿರಿಯ ಮುಖಂಡರು ಒಬ್ಬೊಬ್ಬರನ್ನೇ ಕರೆದು ಯಾರಿಗೆ ಏನು ಬೇಕೆಂದು ವಿಚಾರಿಸಿದರು. ಇವರ ಸರದಿಯೂ ಬಂತು.

"ನಿಮಗೇನು ಬೇಕಮ್ಮಾ?"

"ದನದ ಡಾಕ್ಟ್ರು ಬೇಕು ಸಾ."

ಮುಖಂಡರು ಪಕ್ಕದವರ ಮುಖ ನೋಡಿದರು. ಹಳ್ಳಿ ಹೆಂಗಸು ಪಶುಸಂಗೋಪನೆ ಖಾತೆಗೇ ಕೈ ಹಾಕುತ್ತಿದ್ದಾಳೆ ಎಂದು ಅವರಿಗೆ ಅರ್ಥವಾಯಿತು. ಅಧಿಕಾರದಲ್ಲಿ ಬಹಳ ವರ್ಷ ಇದ್ದವರಿಗೆ ಯಾವ ಮಾತಿಗೂ ಅದರದ್ದೇ ಅರ್ಥ ಇರುವುದಿಲ್ಲ.

"ಅದನ್ನ ಆಗಲೇ ಒಬ್ಬರಿಗೆ ಮಾತು ಕೊಟ್ಟಾಗಿದೆಯಲ್ಲಮ್ಮ."

"ಒಬ್ರಿಗೆ ಕೊಟ್ರೆ ಏನಾತು ಸಾ? ಇನ್ನೊಂದ್ ಇರಕಿಲ್ವ?"

"ಇನ್ನೊಂದು ಹೇಗಿರುತ್ತಮ್ಮಾ, ಇರೋದೇ ಒಂದು!"

"ಇಡೀ ರಾಜ್ಯಕ್ಕೆ ಒಂದೇನಾ? ಅದ್ಕೇ ಮತ್ತೆ ಇಂಗಾಗಿರದು. ಬುಡಿ ಸಾ, ನಾನ್ ಊರಿಗ್ ಓಯ್ತೀನಿ. ನಮ್ಮೆಮ್ಮೆ ಈಯೋ ಟೈಮು."

ಊರಿಗೆ ಹೋಗುತ್ತೇನೆ ಎಂದರೆ ಎದುರು ಬಣಕ್ಕೆ ಹೋಗುತ್ತೇನೆ ಎಂದಲ್ಲದೆ ಇನ್ನೇನು? ಒಂದು ಗಂಟೆಯೊಳಗೆ ಮೂವರು ಬಂದು ಸಮಾಧಾನ ಮಾಡಿದರು. ಸಂಜೆಯ ಕಾಫಿಯ ಹೊತ್ತಿಗೆ ಹಿರಿಯರೇ ಕೈಮುಗಿದು, ರಾಜ್ಯ ಮೇವು ಅಭಿವೃದ್ಧಿ ನಿಗಮದ ಅಧ್ಯಕ್ಷರಾಗಿ ಎಂದರು.

"ಮೇವು ಅಂದ್ರೆ ಉಲ್ಲಾ ಸಾ?"

"ಹೂಂ ಕಣಮ್ಮ. ಕಾರು ಕೊಡ್ತೀವಿ, ಗೂಟದ ಕಾರು."

"ಡಾಕ್ಟ್ರು?"

"ಅದನ್ನೂ ಬರಕೊಳ್ರಯ್ಯಾ" ಎಂದು ಹಿರಿಯರು ಸೋತು ಹೇಳಿದರು. ಆ ಸಲದ ಚೌಕಾಸಿಯಲ್ಲಿ ಇಷ್ಟು ಗಟ್ಟಿ ಆಸಾಮಿ ಇನ್ನೊಬ್ಬರಿರಲಿಲ್ಲವೆಂದು ಆಮೇಲೆ ಎಲ್ಲೆಲ್ಲೂ ಹೇಳಿಕೊಂಡರಂತೆ.

ನಾಲ್ಕನೆಯ ದಿನ ಗೇಟು ತೆರೆಯಿತು. ಗೌರೀಶ ಓಡಿದ. "ಅತ್ಗೆ, ನನ್ನ ಒಂದ್ ಮಾತ್ ಕೇಳ್ದೆ ನಿಗಮ ಒಪ್ಕಂಡ್ಬುಟ್ರಂತೆ?"

"ಕೇಳನಾ ಅಂದ್ರೆ ನೀನ್ ಗೇಟ್ ಆಚೆ ಇದ್ದಲ್ಲಪ್ಪ" ಎಂದರು ಶಿವಗಂಗಮ್ಮ. ಕಾರಿನ ಹಿಂದಿನ ಸೀಟಿನಲ್ಲಿ ಕೂತರು. ಅದುವರೆಗೆ ಅಲ್ಲಿ ಗೌರೀಶ ಕೂರುತ್ತಿದ್ದ. ಅವರು ಮೂಲೆಗೆ ಒತ್ತಿಕೊಳ್ಳುತ್ತಿದ್ದರು. ಆ ದಿನ ಅವನು ಮುಂದೆ, ಬೋರಪ್ಪನ ಪಕ್ಕ ಹತ್ತಿದ. ನನಗೆ ಎಲ್ಲಿ ಕೂರಬೇಕೆಂದು ಒಂದು ಕ್ಷಣ ತಿಳಿಯಲಿಲ್ಲ. ಹಿಂದೆ ಹತ್ತಿದೆ. ನಿಷ್ಠೆ ಬದಲಿಸಲು ನನಗೆ ಕಾರಿನ ಬಾಗಿಲು ತೆರೆಯುವಷ್ಟು ಸಮಯ ಸಾಕಾಯಿತು.

ಮೇವು ಅಭಿವೃದ್ಧಿ ನಿಗಮದಲ್ಲಿ ಹದಿನಾಲ್ಕು ಜನ ನೌಕರರು, ಇಪ್ಪತ್ತೆರಡು ಕುರ್ಚಿ, ಗೋಡೆಯ ಮೇಲೆ ಹಸಿರು ಹುಲ್ಲುಗಾವಲಿನ ಒಂದು ಫೋಟೋ. ಫೋಟೋ ಯಾವುದೋ ವಿದೇಶದ್ದು. ಅಧ್ಯಕ್ಷರು ಮೊದಲ ದಿನ ಕುರ್ಚಿಯ ಮೇಲೆ ಕೂತು, "ಉಲ್ಲು ಎಲ್ಲಿ ಬೆಳೀತೀರಿ?" ಎಂದು ಕೇಳಿದರು. ಅಧಿಕಾರಿ ನಯವಾಗಿ ನಕ್ಕು, "ನಾವು ಹುಲ್ಲು ಬೆಳೆಯೋಲ್ಲ ಮೇಡಂ. ಮೇವಿನ ನೀತಿ ರೂಪಿಸ್ತೀವಿ" ಎಂದರು. ಕಟ್ಟಡದ ಮುಂದೆ ಮಾತ್ರ ಚೊಕ್ಕಟವಾದ ಲಾನ್ ಇತ್ತು. ಹದಿನೈದು ದಿನಕ್ಕೊಮ್ಮೆ ಕತ್ತರಿಸಿ, ಕತ್ತರಿಸಿದ್ದನ್ನು ಕಸದ ಲಾರಿಗೆ ಹಾಕುತ್ತಿದ್ದರು.

"ಇದ್ನಾರೂ ಒಂದ್ ಹಸಕ್ಕೆ ಆಕ್ಬೌದಲ್ಲ?"

"ಲಾನು ಲೋಕೋಪಯೋಗಿ ಇಲಾಖೆಗೆ ಸೇರುತ್ತೆ ಮೇಡಂ."

ಎರಡನೆಯ ವಾರದಿಂದ ಅವರು ನಿಗಮಕ್ಕೆ ಹೋಗುವುದನ್ನು ಬಿಟ್ಟರು. ನಿಗಮಕ್ಕೆ ಅದರಿಂದ ಯಾವ ನಷ್ಟವೂ ಆಗಲಿಲ್ಲ. ನೆತ್ತಿಯ ಮೇಲೆ ಕೆಂಪು ದೀಪದ ಗೂಟ ಹೊತ್ತ ಬಿಳಿ ಕಾರಿನಲ್ಲಿ ಬಸವನಕೊಪ್ಪಲಿಗೆ ಬಂದು, ಪಶು ಆಸ್ಪತ್ರೆಯ ಬಾಗಿಲಿಗೆ ಅಡ್ಡವಾಗಿ ಕಾರು ನಿಲ್ಲಿಸಿ ಮನೆಗೆ ನಡೆದುಕೊಂಡು ಹೋದರು. ಗೂಟದ ಕಾರು ಇದ್ದ ಕಡೆ ಪೊಲೀಸ್ ಪೇದೆ ಇರಬೇಕು ಎಂದು ಠಾಣೆಯವರೇ ತಿಳಿದುಕೊಂಡು ಒಬ್ಬನನ್ನು ಕಳಿಸಿದರು. ಪೇದೆ ನಿಂತಿರುವ ಬಾಗಿಲಿನಿಂದ ಸಿಮೆಂಟ್ ಮೂಟೆ ಹೊರಿಸುವ ಧೈರ್ಯ ಗೌರೀಶನ ಕೂಲಿಗಳಿಗೆ ಇರಲಿಲ್ಲ. ಮೂರನೆಯ ದಿನ ಗೌರೀಶನೇ ಬಂದು, "ಅತ್ಗೆ, ಒಂದಿನ ಕಾರ್ ತಗ್ಸಿ, ಎಲ್ಲ ಖಾಲಿ ಮಾಡಿಸ್ಬುಡ್ತೀನಿ" ಎಂದ. ಮಾಡಿದ.

ಡಾಕ್ಟರ ಆದೇಶವೂ ಬಂತು. ಮುರಳೀಕೃಷ್ಣ ಎಂಬ ಯುವಕ. ಹಾಸನದಲ್ಲಿ ಮನೆ, ಹೊಸದಾಗಿ ಮದುವೆ. ಎರಡು ಬಸ್ ಬದಲಿಸಿ ಹನ್ನೊಂದೂವರೆಗೆ ಬಂದರು. ಒಂದು ಗಂಟೆಗೆ ವಾಪಸ್ ಬಸ್ಸು. ನಡುವೆ ಕುರ್ಚಿ ಒರೆಸಿಕೊಂಡು ಕೂತು ವರ್ಗಾವಣೆಯ ಅರ್ಜಿ ಬರೆದರು. ಶಿವಗಂಗಮ್ಮ ಸೆರಗು ಸಿಕ್ಕಿಸಿಕೊಂಡು ಎದುರಿಗೆ ಹೋಗಿ ನಿಂತರು.

"ಯಾಕಪ್ಪಾ, ನಮ್ಮೂರು ಒಗ್ಗಾಕಿಲ್ವಾ?"

"ಊರಲ್ಲ ಮೇಡಂ, ಬಸ್ಸು. ಸೊಂಟ ಮುರಿಯುತ್ತೆ."

"ಅಷ್ಟೇನಾ? ನನ್ ಕಾರು ಸುಮ್ಕೆ ನಿಂತದೆ. ಬೋರಪ್ಪ ಬೆಳಿಗ್ಗೆ ಬಂದು ಕರ್ಕಂಬತ್ತಾನೆ, ಸಂಜೆ ಬುಟ್ಟು ಬತ್ತಾನೆ."

ಬೋರಪ್ಪ ಆಗ ನಮ್ಮ ಖಾಸಗಿ ಅಂಬಾಸಿಡರಿನಿಂದ ಗೂಟದ ಕಾರಿಗೆ ಬಡ್ತಿ ಪಡೆದಿದ್ದ. ಮಾರನೆಯ ಬೆಳಿಗ್ಗೆ ಏಳೂವರೆಗೆ ಹಾಸನದ ಒಂದು ಬಾಡಿಗೆ ಮನೆಯ ಮುಂದೆ ಗೂಟದ ಕಾರು ನಿಂತಿತು. ಬೀದಿಗೆ ಬೀದಿಯೇ ಆಚೆ ಬಂದು ನೋಡಿತು. ಡಾಕ್ಟರ ಹೆಂಡತಿ ಒಳಗೆ ಓಡಿ ಗಂಡನಿಗೆ ಇಸ್ತ್ರಿ ಮಾಡಿದ ಶರಟು ಕೊಟ್ಟಳು. ವೃತ್ತದಲ್ಲಿ ಟ್ರಾಫಿಕ್ ಪೇದೆ ಎಲ್ಲ ವಾಹನ ತಡೆದು ಸೆಲ್ಯೂಟ್ ಹೊಡೆದ. ಆ ದಿನದಿಂದ ಹನ್ನೊಂದು ತಿಂಗಳು ಡಾಕ್ಟರು ಒಂದು ದಿನವೂ ರಜೆ ಹಾಕಲಿಲ್ಲ. ಭಾನುವಾರವೂ ಬರುತ್ತೇನೆ ಎಂದರು. ಬೋರಪ್ಪನೇ ಬೇಡ ಎಂದ. ಸರ್ಕಾರಿ ಡಾಕ್ಟರನ್ನು ಹಳ್ಳಿಗೆ ತರುವುದು ಹೇಗೆ ಎಂದು ಸಮಿತಿಗಳ ಮೇಲೆ ಸಮಿತಿ ಕೂತಿವೆ. ಒಬ್ಬರೂ ನಮ್ಮನ್ನು ಕೇಳಲಿಲ್ಲ.

ದನಗಳಿಗೆ ಒಳ್ಳೆಯದಾಯಿತು, ಅದು ನಿಜ. ಆ ವರ್ಷ ಕಾಲುಬಾಯಿ ರೋಗ ಸುತ್ತಿನ ಊರುಗಳನ್ನೆಲ್ಲ ಹಿಡಿದಾಗ ನಮ್ಮಲ್ಲಿ ನಾಲ್ಕು ಹಸು ಮಾತ್ರ ಹೋದವು. ಕೆಂಚಯ್ಯ ಹೊಸ ಹಸು ಕಟ್ಟಿದ. ಡಾಕ್ಟರಿಗೂ ಒಳ್ಳೆಯದಾಯಿತು. ಒಂದು ದಿನ ಬೂವನಹಳ್ಳಿಯ ಹತ್ತಿರ ರೈತರು ಕಾರಿಗೆ ಅಡ್ಡ ಹಾಕಿದರು. ಅಲ್ಲಿ ವಿಮಾನ ನಿಲ್ದಾಣ ಬರುತ್ತದೆಂಬ ಮಾತಿತ್ತು. ಗೂಟದ ಕಾರು ದಿನಾ ಓಡಾಡುವುದನ್ನು ನೋಡಿ ಜಮೀನು ಅಳೆಯಲು ಬಂದಿದ್ದಾರೆ ಎಂದುಕೊಂಡಿದ್ದರು. ಡಾಕ್ಟರು ಇಳಿದು ಅವರ ಮನವಿ ಪತ್ರ ತೆಗೆದುಕೊಂಡು ಪೂರ್ತಿ ಓದಿ, ಗಂಭೀರವಾಗಿ, "ಪರಿಶೀಲಿಸ್ತೀನಿ" ಎಂದರಂತೆ. ಜನ ಚಪ್ಪಾಳೆ ತಟ್ಟಿದರು. ಕಾರಿನ ಗುಣವೇ ಅಂಥದು.

1999ರಲ್ಲಿ ಚುನಾವಣೆ ಹತ್ತಿರ ಬಂದಾಗ ಹಾಸನದ ಒಂದು ಸಂಜೆ ಪತ್ರಿಕೆ ಮುಖಪುಟದಲ್ಲಿ ದಪ್ಪಕ್ಷರದಲ್ಲಿ ಬರೆಯಿತು: "ಗೂಟದ ಕಾರಿನಲ್ಲಿ ದನದ ಡಾಕ್ಟರ್!" ಫೋಟೋ ಕೂಡ ಇತ್ತು. ಫೋಟೋ ತೆಗೆಸಿದ್ದು ಗೌರೀಶ ಎಂಬುದನ್ನು ತೆಗೆದವನೇ ನನಗೆ ಹೇಳಿದ. ಹಿರಿಯ ಮುಖಂಡರು ಬೆಂಗಳೂರಿಗೆ ಕರೆಸಿದರು. ನಾನೂ ಜೊತೆಗಿದ್ದೆ.

"ಏನಮ್ಮಾ ಇದು? ಅಧಿಕಾರ ದುರುಪಯೋಗ!"

"ಕಾರು ಸುಮ್ಕೆ ನಿಂತಿದ್ರೆ ಸದುಪಯೋಗನಾ ಸಾ?"

"ನಿಯಮ ಅಂತ ಒಂದು ಇದೆಯಲ್ಲಮ್ಮಾ. ಪಕ್ಷದ ಮಾನ ಹೋಗುತ್ತೆ."

ನಮ್ಮ ಕ್ಷೇತ್ರದಲ್ಲಿ ಆಗದ ರಸ್ತೆಗೆ ಮೂರು ಸಲ ಡಾಂಬರು ಬಿದ್ದಿತ್ತು, ಇಲ್ಲದ ಸೇತುವೆಯ ದುರಸ್ತಿಯಾಗಿತ್ತು. ಪಕ್ಷದ ಮಾನ ಆಗೆಲ್ಲ ಎಲ್ಲಿತ್ತೋ, ಈ ಕಾರಿನಲ್ಲಿ ಬಂದು ಕೂತಿತ್ತು. ನಿಗಮವನ್ನು ಕಿತ್ತುಕೊಂಡು ಇನ್ನೊಬ್ಬರಿಗೆ ಕೊಟ್ಟರು. ಅವರು ಅದೇ ಕಾರನ್ನು ಮಗಳ ಮದುವೆಯಲ್ಲಿ ಬೀಗರನ್ನು ಕರೆತರಲು ಹದಿನೈದು ದಿನ ಓಡಿಸಿದರು. ಯಾವ ಪತ್ರಿಕೆಯಲ್ಲೂ ಬರಲಿಲ್ಲ; ಬರೆಯಬೇಕಾದವರು ಮದುವೆ ಊಟದ ಪಂಕ್ತಿಯಲ್ಲಿದ್ದರು. ಟಿಕೆಟ್ಟು ಗೌರೀಶನಿಗೆ ಹೋಯಿತು.

ಕೆಂಚಯ್ಯ ಇಪ್ಪತ್ತು ಜನರನ್ನು ಟ್ರ್ಯಾಕ್ಟರಿನಲ್ಲಿ ತುಂಬಿಕೊಂಡು ಬಂದ. "ಅವ್ವಾ, ಪಕ್ಸೇತರ ನಿಂತ್ಕೊ. ನಾವ್ ಗೆಲ್ಲುಸ್ತೀವಿ." ನಾನೂ ಪ್ರಜಾಪ್ರಭುತ್ವದ ಪರವಾಗಿ ಬಹಳ ಜೋರಾಗಿ ವಾದಿಸಿದೆ. ಅವರು ನಿಲ್ಲದಿದ್ದರೆ ನಾನು ಶಾಲೆಗೆ ಹೋಗಿ ಪಾಠ ಮಾಡಬೇಕಾಗಿತ್ತು.

ಶಿವಗಂಗಮ್ಮ ಎರಡು ದಿನ ಟೈಮು ಕೇಳಿದರು. ಮೂರನೆಯ ದಿನ ಬೆಳಿಗ್ಗೆ ನಾನು ಹೋದಾಗ ಹಟ್ಟಿಯಲ್ಲಿ ಕೂತು, ಉಳಿದಿದ್ದ ಲೆಟರ್‌ಹೆಡ್ಡುಗಳನ್ನು ಹರಿದು ಒಲೆಯ ಪಕ್ಕ ಪೇರಿಸುತ್ತಿದ್ದರು.

"ಮೇಷ್ಟ್ರೆ, ನಿಜ ಏಳ್ಲಾ? ಆ ಕಾರಲ್ಲಿ ಕುಂತ್ರೆ ಸಂದಾಗಿತ್ತು. ಒಂದಿಪ್ಪತ್ ಸಲ ಕುಂತಿದ್ನೇನೋ. ರೋಡಲ್ಲಿ ಜನ ಎದ್ದೇಳೋರು. ನಮ್ಮತ್ತೆ ಬದುಕಿದ್ದಿದ್ರೆ ನೋಡ್ಬೇಕಿತ್ತು ಅನ್ಸೋದು. ಅದ್ಕೇ ಡಾಕ್ಟ್ರಿಗೆ ಕೊಟ್ಟಿದ್ದು ನಾನು. ಇನ್ನೊಂದ್ ಕಿತ ಕುಂತ್ರೆ ಇಳಿಯಾಕೆ ಮನ್ಸು ಬರಕಿಲ್ಲ ನಂಗೆ."

ಅವರ ಕಣ್ಣು ಒದ್ದೆಯಾಗಿದ್ದದ್ದನ್ನು ಗಂಡ ಸತ್ತ ಮೇಲೆ ನಾನು ನೋಡಿದ್ದು ಆವತ್ತೇ. ಜೀಪಿನ ಮೇಲೆ ಬೇಕೆಂದಾಗ ಬರದೆ ಇದ್ದದ್ದು ಯಾರಿಗೂ ಉಪಯೋಗವಿಲ್ಲದ ಹೊತ್ತಿನಲ್ಲಿ ಬಂದಿತ್ತು.

ಅವರು ನಿಲ್ಲಲಿಲ್ಲ. ಗೌರೀಶ ಪ್ರಚಾರಕ್ಕೆ ಕರೆಯಲು ಬಂದ. "ಸುಮ್ಕೆ ಪಕ್ಕದಲ್ಲಿ ನಿಂತ್ಕಳಿ ಅತ್ಗೆ, ಸಾಕು" ಎಂದ. "ನಿಂತ್ಕಂಡ್ರೆ ಜನ ಡಾಕ್ಟ್ರು ಎಲ್ಲೋದ್ರು ಅಂತ ಕೇಳ್ತಾರೆ ಕಣಪ್ಪ. ಏನ್ ಏಳ್ತೀಯ?" ಎಂದರು. ಒಂದು ಲೋಟ ಮಜ್ಜಿಗೆ ಕುಡಿದು ಹೋದ. ಮೂರನೆಯ ಸ್ಥಾನ ಬಂತು, ಠೇವಣಿಯೂ ಹೋಯಿತು. ಅವನಿಗಾಗಿ ಅಳಲು ಯಾರೂ ಕ್ಯಾಸೆಟ್ ಮಾಡಿಸಿರಲಿಲ್ಲ.

ಕಾರು ನಿಂತ ಮೂರನೆಯ ವಾರಕ್ಕೆ ಡಾಕ್ಟರು ಹಾಸನಕ್ಕೇ ವರ್ಗ ಮಾಡಿಸಿಕೊಂಡರು. ನಾನು ಶಾಲೆಗೆ ಹೋದೆ. ಐದು ವರ್ಷದಲ್ಲಿ ಪಠ್ಯಪುಸ್ತಕ ಬದಲಾಗಿತ್ತು. ಹಾಜರಿ ಪುಸ್ತಕದಲ್ಲಿ ನನ್ನ ಹೆಸರನ್ನು ಹುಡುಕಿ ಕೊಟ್ಟವನು ಜವಾನ ಹುಚ್ಚಯ್ಯ.

ಖಾಲಿಯಾದ ಆಸ್ಪತ್ರೆಗೆ ಗೌರೀಶ ಮತ್ತೆ ಮೂಟೆ ಇಳಿಸುವ ಮೊದಲೇ ಶಿವಗಂಗಮ್ಮ ಊರಿನ ಹೆಂಗಸರನ್ನು ಸೇರಿಸಿ ಹಾಲಿನ ಸಂಘ ಮಾಡಿ, ಪಂಚಾಯ್ತಿಗೆ ಅರ್ಜಿ ಹಾಕಿ 2001ರಲ್ಲಿ ಅದೇ ಕಟ್ಟಡಕ್ಕೆ ಬಂದರು. ಸಂಘದ ದನಗಳನ್ನು ನೋಡಲು ವಾರಕ್ಕೆ ಎರಡು ಸಲ ಹಾಲು ಒಕ್ಕೂಟದ ಡಾಕ್ಟರೊಬ್ಬರು ಬೈಕಿನಲ್ಲಿ ಬರತೊಡಗಿದರು. ಯಾರ ಶಿಫಾರಸೂ ಬೇಕಾಗಲಿಲ್ಲ. ದನ ಸತ್ತರೆ ಹಾಲು ಬರುವುದಿಲ್ಲ ಎಂಬುದು ಹಾಲು ಕೊಳ್ಳುವವರಿಗೆ ಗೊತ್ತಿತ್ತು. ಮಾನ್ಯ ಹಾಸನದಲ್ಲಿ ಬಿ.ಕಾಂ. ಮುಗಿಸಿ ಮದುವೆಯಾಗಿ ಚನ್ನರಾಯಪಟ್ಟಣಕ್ಕೆ ಹೋದಳು. ಗೌರೀಶ ಎರಡು ಹಸು ಕಟ್ಟಿ ಸಂಘಕ್ಕೇ ಹಾಲು ಹಾಕಿದ. ಒಂದು ಬೆಳಿಗ್ಗೆ ಅವನ ಹಾಲು ನೀರಾಗಿದ್ದು ಡಿಗ್ರಿ ಬರಲಿಲ್ಲವೆಂದು ಅತ್ತಿಗೆ ಕ್ಯಾನನ್ನು ಸಾಲಿನಿಂದ ಆಚೆ ಇಟ್ಟರು. ಅವನು ಒಂದು ತಿಂಗಳು ಮಾತು ಬಿಟ್ಟ.

2004ರ ಚುನಾವಣೆಗೆ ಎರಡು ಪಕ್ಷದವರು ಟಿಕೆಟ್ ಹಿಡಿದು ಬಂದರು. ಹಾಲು ಅಳೆದು ಮುಗಿಯುವವರೆಗೆ ಕೂತಿರಿ ಎಂದರು. ಒಂದು ಪಕ್ಷ ಅರ್ಧ ಗಂಟೆ ಕೂತು ಎದ್ದು ಹೋಯಿತು. ಇನ್ನೊಂದು ಪಕ್ಷ ಕೊನೆಯವರೆಗೂ ಕೂತು, ಬಿಸಿ ಹಾಲು ಕುಡಿದು, ಬೇಡ ಎನ್ನಿಸಿಕೊಂಡು ಹೋಯಿತು.

2008ರಲ್ಲಿ ಕ್ಷೇತ್ರಗಳ ಗಡಿ ಹೊಸದಾಗಿ ಎಳೆದಾಗ ನಮ್ಮ ಕ್ಷೇತ್ರವೇ ಇಲ್ಲವಾಯಿತು. ಅರ್ಧ ಅರಕಲಗೂಡಿಗೆ, ಅರ್ಧ ಹೊಳೆನರಸೀಪುರಕ್ಕೆ. ಸುದ್ದಿ ಹೇಳಲು ನಾನು ಬಸವನಕೊಪ್ಪಲಿಗೆ ಹೋದೆ. "ಓಗ್ಲಿ ಬುಡಿ" ಎಂದರು. ಅವರ ಗಮನ ಬೇರೆ ಕಡೆ ಇತ್ತು. ಆ ದಿನ ಸಂಘದ ಅಧ್ಯಕ್ಷ ಸ್ಥಾನಕ್ಕೆ ಚುನಾವಣೆ, ಏಳು ವರ್ಷದಲ್ಲಿ ಮೊದಲ ಸಲ ಮಾದಮ್ಮ ಎಂಬಾಕೆ ಎದುರು ನಿಂತಿದ್ದರು. ಶಿವಗಂಗಮ್ಮ ಬೆಳಿಗ್ಗೆ ಐದಕ್ಕೇ ಎದ್ದು ಮನೆಮನೆಗೆ ಹೋಗಿ ಬಂದಿದ್ದರು. ಇನ್ನೂರ ಹನ್ನೆರಡು ಓಟಿನಲ್ಲಿ ಹದಿನಾಲ್ಕರ ಅಂತರದಿಂದ ಗೆದ್ದರು. ಜನ ಚದುರಿದ ಮೇಲೆ ನನ್ನನ್ನು ಪಕ್ಕಕ್ಕೆ ಕರೆದರು.

"ಮೇಷ್ಟ್ರೆ, ಮಾದಮ್ಮನಿಗೆ ಆಕಿರೋ ತೊಂಬತ್ತೊಂಬತ್ ಜನ ಯಾರ್ಯಾರು?"

"ಗುಪ್ತ ಮತದಾನ ಅಮ್ಮಾ. ತಿಳಿಯೋ ಹಾಗಿಲ್ಲ."

"ಗುಪ್ತವಾಗೇ ಒಂದ್ ಪಟ್ಟಿ ಮಾಡಿ" ಎಂದರು.

ಮಾಡಿಕೊಟ್ಟೆ.